ಏಲಿಯನ್ನಿಗೆ ಮದುಮಗನ ಮುಖ

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಟಿಕೋಟಾದಿಂದ ದಿನಾ ಬಸ್ಸಿನಲ್ಲಿ ಬಂದು ವಿಜಯಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಮದುವೆ ಫೋಟೋಗಳಲ್ಲಿ ಮುಖದ ಕಲೆ, ಮೊಡವೆ, ಸುಕ್ಕು ಅಳಿಸಿ ಎಲ್ಲರನ್ನೂ ಬೆಳ್ಳಗೆ ಮಾಡುವುದು ನನ್ನ ಕೆಲಸ.

ಗಿರಾಕಿ ಇಲ್ಲದಾಗ ಅದೇ ಕಂಪ್ಯೂಟರಿನಲ್ಲಿ ಏಲಿಯನ್ ಮಾಡುತ್ತಿದ್ದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಗೇಮ್ ಮಾಡುವ ಒಂದು ಕಂಪನಿ ಪರೀಕ್ಷೆ ಇಟ್ಟಿತ್ತು. ಬೇರೆ ಗ್ರಹದಲ್ಲಿ ಎಲ್ಲೋ ನಿಜವಾಗಿ ಬದುಕಿದೆ ಅನ್ನಿಸುವ ಜೀವಿಯನ್ನು ಮಾಡಿ ಕಳಿಸಬೇಕು, ಹಿಡಿಸಿದರೆ ಕೆಲಸ. ನನಗೆ ಆ ಕೆಲಸ ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಮೊದಲು ಮಾಡಿದ್ದು ಬರೀ ಗೊಂಬೆ. ಹಸಿರು ಮೈ, ದೊಡ್ಡ ಕಣ್ಣು, ಎಡಕ್ಕಿದ್ದದ್ದೇ ಬಲಕ್ಕೆ. ಅಳಿಸಿ ಹಾಕಿದೆ. ಇದು ಏನು ತಿನ್ನುತ್ತದೆ, ಎಂಥ ಬಿಸಿಲಿನಲ್ಲಿ ಇರುತ್ತದೆ ಅಂತ ಯೋಚಿಸಿದೆ. ನನಗೆ ಗೊತ್ತಿರುವ ಬಿಸಿಲು ನಮ್ಮದೇ. ಹಸಿ ಮಣ್ಣು ಒತ್ತಿದಂತೆ ಕಂಪ್ಯೂಟರಿನ ಪೆನ್ನಿನಿಂದ ಒತ್ತಿ ಒತ್ತಿ ಮುಖ ಎಬ್ಬಿಸಿದೆ. ಒಂದು ಕಣ್ಣಿನ ರೆಪ್ಪೆಯನ್ನು ಜೋತು ಬಿಟ್ಟೆ. ತೊಗಲಿಗಾಗಿ ಹೊನವಾಡದ ಮಾವನ ಶೆಡ್ಡಿನಲ್ಲಿ ಅರ್ಧ ಒಣಗಿದ ದ್ರಾಕ್ಷಿಯ ಫೋಟೋ ತೆಗೆದೆ. ಅಜ್ಜಿಯ ಮೊಣಕೈ ತೆಗೆದೆ.

"ಮಾರಿ ಬಿಟ್ಟು ಮೊಣಕೈ ಯಾಕ ತಗೀತೀಲೇ? ಇದನ್ನ ತೋರಿಸಿ ನನಗ ಗಂಡ ಹುಡುಕಾಕತ್ತೀ ಏನ?" ಅಂದಳು ಅಜ್ಜಿ.

ಆ ಸುಕ್ಕುಗಳನ್ನೆಲ್ಲ ಏಲಿಯನ್ನಿನ ಕುತ್ತಿಗೆಗೆ, ಬೆರಳ ಗೆಣ್ಣುಗಳಿಗೆ ಹಚ್ಚಿದೆ. ಬಿಸಿಲು ಬೀಳುವಲ್ಲಿ ಕಪ್ಪು, ಕಂಕುಳಲ್ಲಿ ತಿಳಿ ಬಣ್ಣ, ಮೂಗಿನ ಸಂದಿಯಲ್ಲಿ ಜಿಡ್ಡು. ಕೊನೆಗೆ ಒಂದು ದಿನ ಅದು ನನ್ನನ್ನು ನೋಡಿತು.

ಕಳಿಸುವ ಕೊನೆಯ ದಿನವೇ ಮಾಲೀಕರು ನನ್ನನ್ನು ಬಬಲೇಶ್ವರಕ್ಕೆ ಮದುವೆ ಫೋಟೋ ತೆಗೆಯಲು ಅಟ್ಟಿದರು. ಏಲಿಯನ್ನಿನ ಚಿತ್ರಗಳು ಕಂಪ್ಯೂಟರಿನಲ್ಲಿ ಇನ್ನೂ ತಯಾರಾಗುತ್ತಿದ್ದವು. ಮುಗಿದ ಕೂಡಲೇ ಕಂಪನಿಗೆ ಕಳಿಸಿಬಿಡಿ ಅಂತ ಅವರಿಗೇ ಹೇಳಿ ಹೋದೆ.

ಕಂಪನಿಯ ಉತ್ತರ ಬಂತು. ತೊಗಲು ಪ್ಲಾಸ್ಟಿಕ್ಕಿನಂತಿದೆ, ಬೇಡ. ಕಳಿಸಿದ್ದನ್ನು ತೆಗೆದು ನೋಡಿದೆ. ಸುಕ್ಕಿಲ್ಲ, ಜಿಡ್ಡಿಲ್ಲ. ಜೋತ ರೆಪ್ಪೆಯನ್ನು ಎತ್ತಿ ಕೂರಿಸಿದ್ದರು. ಮೈಯೆಲ್ಲ ಗುಲಾಬಿ. ಮದುಮಗನಿಗೆ ಮಾಡುವುದನ್ನೆಲ್ಲ ಅದಕ್ಕೆ ಮಾಡಿದ್ದರು.

ಮಾಲೀಕರನ್ನು ಕೇಳಿದರೆ ಅವರಿಗೆ ಹೆಮ್ಮೆ. "ಹೊರಗಿನ ಮಂದಿಗೆ ಕಳಸೂದೈತಿ. ಅಂಥಾ ಹೇಸಿ ಮಾರಿ ಕಳಸಿದ್ರ ನಮ್ಮ ಸ್ಟುಡಿಯೋ ಮರ್ಯಾದಿ ಏನಾಗಬೇಕು? ಅದಕ್ಕ ಚಂದ ಮಾಡೀನಿ."

ಆ ಮನುಷ್ಯ ಕೆಟ್ಟವನಾಗಿದ್ದರೆ ನಾಲ್ಕು ಬೈದು ಹೊರಗೆ ಬರುತ್ತಿದ್ದೆ. ಒಳ್ಳೆಯದು ಮಾಡಿದೆ ಅಂದುಕೊಂಡವನನ್ನು ಏನು ಮಾಡುವುದು? ನಮ್ಮಲ್ಲಿ ಯಾರ ಮುಖವನ್ನೂ ಇದ್ದಂತೆ ಬಿಡುವುದಿಲ್ಲ. ಸತ್ತವರ ಫೋಟೋ ಕೊಟ್ಟರೂ ಬೆಳ್ಳಗೆ ಮಾಡುತ್ತೇವೆ. ಮಾಡುವವನು ನಾನೇ.

ಮೂಲ ಚಿತ್ರಗಳನ್ನು ಮತ್ತೆ ಕಳಿಸಿದೆ. ಬೇರೆಯವನನ್ನು ತೆಗೆದುಕೊಂಡಾಯಿತು ಅಂತ ಬಂತು. ಅವತ್ತೇ ಏಲಿಯನ್ ಇದ್ದ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದೆ.

"ನನ್ನ ಕಂಪ್ಯೂಟರಿಗೆ ನನಗ ಕೀಲಿ ಹಾಕ್ತೀ ಏನಲೇ?" ಅಂದರು ಮಾಲೀಕರು.

"ಕಂಪ್ಯೂಟರ್ ನಿಮ್ದರಿ ಕಾಕಾ. ಏಲಿಯನ್ನಿನ ತೊಗಲು ನಂದು. ಮುಟ್ಟಬ್ಯಾಡ್ರಿ."

ಅವರು ಗಿರಾಕಿಯ ಕಡೆ ಕೈ ತೋರಿಸಿದರು. ಕೌಂಟರಿನ ಮುಂದೆ ಒಬ್ಬ, ವರನ ಕಡೆಯವರಿಗೆ ಕಳಿಸಲು ತಂಗಿಯ ಫೋಟೋ ತಂದು, ಕೆನ್ನೆಯ ಮಚ್ಚೆ ತೆಗೆಯಿರಿ ಅಂತ ನಿಂತಿದ್ದ. ಮೊದಲು ಆಕೆಯನ್ನು ಕೇಳಿಕೊಂಡು ಬಾ ಅಂದೆ.