ಗಿರಣಿಯ ಟೆಂಪೋದಲ್ಲಿ ಒಂದು ಸಂಜೆ

2003ರಲ್ಲಿ ನಾನು ಹುನಗುಂದದ ಹೊರವಲಯದ ಒಂದು ನೂಲಿನ ಗಿರಣಿಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದೆ. ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು. ಹಲವರು ಇಳಕಲ್‌ನ ನೇಕಾರ ಮನೆತನದವರು. ಅವರನ್ನು ಕರೆತಂದು ಬಿಡಲು ಗಿರಣಿಯವರು ಗುತ್ತಿಗೆಯ ಮೇಲೆ ಟೆಂಪೋ ಇಟ್ಟಿದ್ದರು.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವುದು ಮಾಲೀಕರ ಹೊಣೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಮಹಿಳೆಯ ಅಧ್ಯಕ್ಷತೆಯ ದೂರು ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೊಬ್ಬರಿರಬೇಕು ಎಂಬುದು ಅದರಲ್ಲಿತ್ತು. ನಮ್ಮಲ್ಲಿ ಸಮಿತಿ ಆದದ್ದು ಆ ವರ್ಷ, ಅದೂ ನೂಲು ಕೊಳ್ಳುವ ಕಂಪನಿಯವರು ಕೇಳಿದ ಮೇಲೆ. ನಾನು ಅಧ್ಯಕ್ಷೆ. ಬಾದಾಮಿಯಲ್ಲಿ ಮಹಿಳಾ ಸಂಘ ನಡೆಸುತ್ತಿದ್ದ ಮುಮ್ತಾಜ್ ಬೇಗಂ ಹೊರಗಿನ ಸದಸ್ಯೆ.

ಮೊದಲ ತರಬೇತಿಯನ್ನು ಕ್ಯಾಂಟೀನಿನಲ್ಲಿ ಇಟ್ಟೆವು. ಮೈಮುಟ್ಟುವುದು, ಹೊಲಸು ಮಾತು, ಕೆಲಸದ ಆಸೆ ತೋರಿಸಿ ಕರೆಯುವುದು, ಎಲ್ಲವೂ ಕಿರುಕುಳವೇ ಎಂದು ವಿವರಿಸಿದೆ. ಯಾರೂ ತಲೆ ಎತ್ತಲಿಲ್ಲ. ಪ್ರಶ್ನೆ ಕೇಳಿ ಎಂದಾಗ ಹಲವರ ಕಣ್ಣು ಬಾಗಿಲ ಕಡೆ ಹೋಗಿ ತಟ್ಟನೆ ನೆಲಕ್ಕಿಳಿದವು. ಬಾಗಿಲಲ್ಲಿ ಟೆಂಪೋ ಚಾಲಕ ತಿಪ್ಪಣ್ಣ ಚಹಾ ಕುಡಿಯುತ್ತ ನಿಂತಿದ್ದ.

ಎಲ್ಲರೂ ಹೋದ ಮೇಲೆ ಶಾಂತವ್ವ ಎಂಬ ಕೆಲಸಗಾರ್ತಿ ಕೈತೊಳೆಯುವ ನೆಪದಲ್ಲಿ ಹಿಂದೆ ಉಳಿದಳು. "ಮೇಡಂ, ನೀವು ಹೇಳಿದ್ದೆಲ್ಲಾ ನನಗ ಆಗೇದರಿ," ಎಂದಳು. "ಆದ್ರ ಬಾಯಿ ಬಿಟ್ರ, ಸಂಜಿಕ್ಕ ಮತ್ತ ಅವನ ಗಾಡ್ಯಾಗ ಹೋಗಬೇಕಲ್ರಿ."

ಅವಳ ಮನೆ ಇಳಕಲ್ ದಾಟಿದ ಮೇಲಿನ ಹಳ್ಳಿಯಲ್ಲಿತ್ತು. ದಿನವೂ ಕೊನೆಗೆ ಗಾಡಿಯಲ್ಲಿ ಉಳಿಯುವವಳು ಅವಳೊಬ್ಬಳೇ. ಒಂದು ವಾರದಿಂದ ಅವನು ದಾರಿಯಲ್ಲಿ ಗಾಡಿ ನಿಲ್ಲಿಸಿ ಅವಳ ಮೈಮೇಲೆ ಕೈಹಾಕುತ್ತಿದ್ದ.

ಮಾಲೀಕರು ಅಂದು ಬಾಗಲಕೋಟೆಗೆ ಹೋಗಿದ್ದರು. ನಾನೂ ಇಳಕಲ್‌ನಲ್ಲೇ ಬಾಡಿಗೆಗಿದ್ದೆ. ಆ ಸಂಜೆ ಬಸ್ಸು ಬಿಟ್ಟು ಟೆಂಪೋ ಹತ್ತಿ ಚಾಲಕನ ಪಕ್ಕದಲ್ಲಿ ಕುಳಿತೆ. ತಿಪ್ಪಣ್ಣ ನನ್ನನ್ನೂ, ಕನ್ನಡಿಯಲ್ಲಿ ಶಾಂತವ್ವನನ್ನೂ ನೋಡಿದ. ಅವನಿಗೆ ಅರ್ಥವಾಯಿತು.

ಇಳಕಲ್‌ನ ಮೊದಲ ನಿಲುಗಡೆಯಲ್ಲಿ ಗಾಡಿ ನಿಂತಿತು. ಅಲ್ಲಿ ಇಳಿಯಬೇಕಾದ ಹಿರಿಯಳಾದ ಗಂಗವ್ವ ಅಲುಗಾಡಲಿಲ್ಲ. ಬೇರೆ ಯಾರೂ ಏಳಲಿಲ್ಲ. ಇಳಿಯಂಗಿಲ್ಲೇನು ಎಂದು ಅವನು ಗದರಿದ.

"ನೀ ಹೊಡಿ ಗಾಡಿ," ಎಂದಳು ಗಂಗವ್ವ. "ಶಾಂತವ್ವನ ಮನಿ ತನಕ ನಾವೂ ಬರ್ತೇವಿ."

ಅವನು ಗಾಡಿಯನ್ನು ಜೋರಾಗಿ ಓಡಿಸಿದ. ಊರು ದಾಟಿದ್ದೇ ಹಳ್ಳಿಯ ದಾರಿ ಬಿಟ್ಟು ಕಲ್ಲಿನ ಗಣಿಗಳ ಕಡೆಗೆ ತಿರುಗಿಸಿದ. ಒಳಗೆ ಯಾರೋ ಅಳತೊಡಗಿದರು. ಮಳೆನೀರು ತುಂಬಿದ ಒಂದು ಗಣಿಯ ಅಂಚಿಗೆ ತಂದು ಎಂಜಿನ್ ಆರಿಸಿದ.

"ಈ ಗಣಿ ಎಷ್ಟು ಆಳ ಅದಾವ ನೋಡೀರೇನ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿದ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಿಂದೆ ಅಳು ನಿಂತಿತು. ನಿಂತದ್ದು ಇನ್ನೂ ಹೆದರಿಕೆ ಹುಟ್ಟಿಸಿತು. ಆಮೇಲೆ ಒಬ್ಬೊಬ್ಬರಾಗಿ ಕೆಳಗಿಳಿದು ಗಾಡಿ ಮುಂದೆ ಹೋಗದಂತೆ ಅಡ್ಡ ಬಂದು ನಿಂತರು. ಶಾಂತವ್ವನೂ ಇದ್ದಳು. ಅವನ ಕೈ ಬಹಳ ಹೊತ್ತು ಕೀಲಿಯ ಮೇಲೇ ಇತ್ತು. ಕೊನೆಗೆ ಬಾಗಿಲು ತೆರೆದು ಗಣಿಯ ಹಿಂದಿನ ದಾರಿ ಹಿಡಿದು ನಡೆದುಹೋದ. ನಾವು ಕತ್ತಲಾಗುವ ಮುಂಚೆ ಹಳ್ಳಿ ಸೇರಲು ಹೊಲಗಳ ನಡುವೆ ಬಿರಬಿರನೆ ನಡೆದೆವು. ಹಿಂದೆ ಸದ್ದಾದಾಗಲೆಲ್ಲ ನಾನು ತಿರುಗಿ ನೋಡುತ್ತಿದ್ದೆ.

ಚಾಲಕ ಗುತ್ತಿಗೆದಾರನ ಆಳು, ಗಿರಣಿಗೆ ಸಂಬಂಧವಿಲ್ಲ ಎಂದು ಮರುದಿನ ಮಾಲೀಕರು ಹೇಳಿದರು. ಹೊರಗಿನವನಿಂದ ಕಿರುಕುಳವಾದರೂ ನೊಂದವಳ ಬೆನ್ನಿಗೆ ಸಂಸ್ಥೆ ನಿಲ್ಲಬೇಕೆಂದು ಮಾರ್ಗಸೂಚಿಯಲ್ಲೇ ಇದೆ ಎಂದು ನಾನೂ ಮುಮ್ತಾಜ್ ಅವರೂ ವಾದಿಸಿದೆವು. "ಗಾಡಿ ಕಳಿಸಿದವ್ರು ನೀವ, ಸಾಹುಕಾರ್ರ," ಎಂದರು ಮುಮ್ತಾಜ್. ಮಾಲೀಕರು ಗುತ್ತಿಗೆದಾರನನ್ನು ಕರೆಸಿದರು. ಗುತ್ತಿಗೆ ರದ್ದಾಯಿತು. ಗಿರಣಿಯ ಕಡೆಯಿಂದಲೇ ಪೊಲೀಸ್ ದೂರು ಹೋಯಿತು.

ಶಾಂತವ್ವ ಕೆಲವು ದಿನ ಬರಲಿಲ್ಲ. ಮನೆಯವರಿಗೆ ಮರ್ಯಾದೆಯ ಭಯ. ಗಂಗವ್ವನೇ ಹೋಗಿ ಕರೆತಂದಳು.

ಆಮೇಲೆ ಎಷ್ಟೋ ಕಡೆ ತರಬೇತಿ ಕೊಟ್ಟಿದ್ದೇನೆ. ಕಾನೂನು ಹೇಳುವ ಮೊದಲು ಈಗ ಒಂದು ಪ್ರಶ್ನೆ ಕೇಳುತ್ತೇನೆ: ದೂರು ಕೊಟ್ಟ ದಿನ ಆ ಹೆಣ್ಣುಮಗಳು ಯಾರ ಜೊತೆ ಮನೆಗೆ ಹೋಗುತ್ತಾಳೆ? ಇದಕ್ಕೆ ಉತ್ತರವಿಲ್ಲದ ಮಾಲೀಕರು ಇನ್ನೂ ತಮ್ಮ ಹೊಣೆ ಹೊತ್ತಿಲ್ಲ ಎಂದೇ ನನ್ನ ವೃತ್ತಿ ನನಗೆ ಕಲಿಸಿದೆ.