ತಂತಿಯಲ್ಲಿದ್ದ ‘ಮೇಲ್’

ಅಪ್ಪ ಹಾಸಿಗೆ ಹಿಡಿದ ಮೂರನೆಯ ವಾರ ಕರಾಚಿಯಿಂದ ಅಣ್ಣನ ತಂತಿ ಬಂತು. ‘ಇಂದು ಮೇಲ್‌ನಲ್ಲಿ ಹೊರಟಿದ್ದೇನೆ’ ಎಂದು ಇಂಗ್ಲಿಷಿನಲ್ಲಿತ್ತು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ನನಗೆ ಗೊತ್ತಿಲ್ಲ ಎನ್ನುವ ಮಾತು ಆಗ ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತ ವಿಮಾನ ಹಾರತೊಡಗಿದ ಕಾಲ ಅದು. ಪತ್ರಿಕೆಯವರು ಅದನ್ನು ‘ಏರ್ ಮೇಲ್’ ಎಂದು ಬರೆಯುತ್ತಿದ್ದರು. ನನಗೆ ಮೇಲ್ ಎಂದರೆ ಅದೇ.

“ಅಣ್ಣ ವಿಮಾನದಾಗ ಹೊಂಟಾನ! ಮೇಲ್‌ನಾಗ!” ಎಂದು ಕೂಗುತ್ತ ಒಳಗೆ ಓಡಿದೆ.

“ಮ್ಯಾಲಿಂದ ಬರತಾನ? ನಮ್ಮೂರಾಗ ಎಲ್ಲಿ ಇಳೀತಾನವಾ?” ಎಂದಳು ಅವ್ವ.

“ಮುಂಬೈದಾಗ ಇಳದು ರೈಲ್ ಹಿಡೀತಾನಬೇ.”

ಅಟ್ಲಾಸ್ ಬಿಡಿಸಿ, ಕರಾಚಿಯಿಂದ ಮುಂಬಯಿಗೆ ದಾರ ಎಳೆದು ಅಳೆದೆ. ಐದುನೂರು ಮೈಲಿಗೆ ಸ್ವಲ್ಪ ಹೆಚ್ಚು. ಗಂಟೆಗೆ ನೂರು ಮೈಲಿಯೆಂದರೂ ಆರು ತಾಸು ಸಾಕು. ಅಲ್ಲಿಂದ ಮುಂದೆ ರೈಲು. ನಾಳೆ ಸಂಜೆಗೆ ಮನೆ.

ಅಪ್ಪ ಅಣ್ಣನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಹೇಳದೆ ಕೇಳದೆ ಕರಾಚಿಗೆ ಹೋದನೆಂಬ ಸಿಟ್ಟು. ಈಗ ತಾವಾಗಿಯೇ “ಅವನ್ನ ಕರಸ್ರಿ” ಎಂದಿದ್ದರು.

“ನಾಳೆ ಸಂಜಿಗಿ? ಖರೇ?”

“ಖರೇ ಅಪ್ಪಾ. ಒಂದ ದಿನದ ಹಾದಿ. ನಾನ ಲೆಕ್ಕಾ ಹಾಕೇನಿ.”

ಮರುದಿನ ಅಪ್ಪ ಕ್ಷೌರಿಕನನ್ನು ಕರೆಸಿ ಗಡ್ಡ ತೆಗೆಸಿಕೊಂಡರು. ಬಾಗಿಲಿಗೆ ಮುಖ ಮಾಡಿ ಒರಗಿಸಲು ಹೇಳಿದರು. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬೀದಿಗೆ ಬಂದೆ, ಅದು ಉಕ್ಕಿ ಹೋಯಿತು. ಅವ್ವ ಬೈದಳು. ಸಂಜೆಯ ಗಾಡಿ ಕೂಗಿತು. ಟಾಂಗಾಗಳು ಒಂದೊಂದಾಗಿ ನಮ್ಮ ಮನೆ ದಾಟಿ ಹೋದವು. ಮುಂದಿನ ಗಾಡಿಗೆ ಬರುತ್ತಾನೆ ಎಂದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದರು. ನನ್ನ ಮೇಲೆ ಬರಬೇಕಾದ ಸಿಟ್ಟೆಲ್ಲ ನನಗೆ ಅಣ್ಣನ ಮೇಲೆ ಬಂತು.

ಬೆಳಗಾದಾಗ ಅಪ್ಪ ಗೋಡೆಯ ಕಡೆ ಹೊರಳಿದರು. “ಒಂದ ದಿನದ ಹಾದಿ. ಮನಸ್ಸಿದ್ರ ಬರತಿದ್ದ,” ಎಂದರು. ಮಧ್ಯಾಹ್ನ ಹೋದರು.

ಅಣ್ಣ ಬಂದದ್ದು ಅದರ ಮರುದಿನ ಸಂಜೆ. ಕೂದಲ ತುಂಬ ಕಲ್ಲಿದ್ದಲ ಪುಡಿ, ಕಣ್ಣು ಕೆಂಪು. ಮರಳುಗಾಡು ಸುತ್ತಿ, ಗಾಡಿಯಿಂದ ಗಾಡಿಗೆ ಓಡಿ, ಅರ್ಧ ಹಾದಿ ನಿಂತೇ ಬಂದಿದ್ದ. ವಿಮಾನದ ಮಾತೆತ್ತಿದಾಗ ನನ್ನ ಮುಖವನ್ನೇ ನೋಡಿದ.

“ಅದರಾಗ ಟಪಾಲ ಚೀಲಾ ಬರತಾವವಾ. ನನಗ ಯಾರ ಜಾಗಾ ಕೊಡತಾರ? ತಂತ್ಯಾಗ ನಾ ಬರೆದದ್ದು ಮೇಲ್ ಗಾಡಿ, ಅದು ರೈಲು.”

ಅಣ್ಣ ಅಪ್ಪನ ಬರಿಯ ಹಾಸಿಗೆಯ ಬಳಿ ಕೂತ.

“ನನ್ನ ಹಾದಿ ನೋಡಿದ್ರೇನ?”

“ನೋಡಿದ್ರು.”

“ಎಷ್ಟ ದಿನಾ?”

ಕೊನೆಯ ಉಸಿರಿನವರೆಗೂ ಎಂದು ಹೇಳಬೇಕೆಂದು ಬಾಯಿ ತೆರೆದೆ.

“ಒಂದ ದಿನಾ,” ಎಂದೆ. “ನಾ ಅಷ್ಟ ಹೇಳಿದ್ದೆ.”