ಇಬ್ಬರೂ ಬಳಸಿದ್ದು

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು, ತಂಗಿ ಸಿನಿಮಾ ಮಂದಿರದ ಟಿಕೆಟ್ ಕೌಂಟರಿನಲ್ಲಿ. ಅಕ್ಕನ ಗಂಡ ಸತ್ತಿದ್ದ. ತಂಗಿಯ ಗಂಡ ಸತ್ತಿರಲಿಲ್ಲ, ಸುಮ್ಮನೆ ಹೋಗಿದ್ದ. ಇಬ್ಬರೂ ಸೇರಿ ಮೂರನೇ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅಕ್ಕತಂಗಿಯರ ಪ್ರೀತಿ ಅಂದುಕೊಂಡರೆ ಮೋಸಹೋದಿರಿ. ಒಬ್ಬಳೇ ಪೂರ್ತಿ ಬಾಡಿಗೆ ಕೊಡುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಅಷ್ಟೇ.

ಸೇರಿದ ವಾರದಲ್ಲೇ ಅಕ್ಕ ಕಾನೂನು ಮಾಡಿದಳು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದಿತ್ತು. ಸಂಬಳ ಬಂದ ದಿನ ಇಬ್ಬರೂ ಸಮಸಮ ಅದಕ್ಕೆ ಹಾಕಬೇಕು. ಇಬ್ಬರೂ ಬಳಸುವ ವಸ್ತು ಅಗತ್ಯ, ಅದನ್ನು ಡಬ್ಬದ ದುಡ್ಡಿನಿಂದ ತರುವುದು. ಒಬ್ಬಳೇ ಬಳಸುವುದು ಶೋಕಿ, ಅದಕ್ಕೆ ಅವರವರ ದುಡ್ಡು. ಕೇಳುವುದಕ್ಕೆ ಎಷ್ಟು ನ್ಯಾಯ! ಆದರೆ ಅಕ್ಕ ಈ ಕಾನೂನು ಮಾಡಿದ್ದು ತಂಗಿಯ ಮುಖದ ಪೌಡರನ್ನು ನೋಡಿಕೊಂಡೇ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಕೌಂಟರಲ್ಲಿ ಕೂರೋಳು ನಾನು. ಮುಖ ಬಾಡಿದ್ರೆ ಮ್ಯಾನೇಜರ್ ಗೊಣಗ್ತಾನೆ. ನನ್ನ ಕೆಲಸದ ಸಾಮಾನು ಅದು” ಎಂದಳು ತಂಗಿ.

“ಹಾಗಾದ್ರೆ ಮ್ಯಾನೇಜರ್ ಹತ್ರಾನೇ ಈಸ್ಕೋ” ಎಂದಳು ಅಕ್ಕ.

ಆ ಮೇಲೆ ಚಹಾದ ಜಗಳ. ಅಕ್ಕ ಚಹಾ ಕುಡಿಯುತ್ತಿರಲಿಲ್ಲ, ಹಾಗಾಗಿ ಚಹಾಪುಡಿಯೂ ಶೋಕಿಯಾಯಿತು. ತಂಗಿ ಹಲ್ಲು ಕಚ್ಚಿ ತನ್ನ ದುಡ್ಡಿನಲ್ಲೇ ಕುಡಿದಳು. ಚಳಿಗಾಲ ಬಂತು. ಒಂದು ಬೆಳಿಗ್ಗೆ ಪಾತ್ರೆಯ ತಳದಲ್ಲಿ ಉಳಿದ ಚಹಾವನ್ನು ಅಕ್ಕ ಗೋಡೆಗೆ ಮುಖ ಮಾಡಿ ಹೀರುತ್ತಿದ್ದಾಗ ತಂಗಿಯ ಕಣ್ಣಿಗೆ ಬಿದ್ದಳು. ತಂಗಿ ಡಬ್ಬ ತಂದು ಅವಳೆದುರು ಕುಕ್ಕಿದಳು. ಅಂದಿನಿಂದ ಚಹಾಪುಡಿ ಡಬ್ಬದ ಖರ್ಚಾಯಿತು. ತಾನು ಮಾಡಿದ ಕಾನೂನಿಗೆ ಅಕ್ಕ ತಲೆಬಾಗಿದ್ದೇನೋ ನಿಜ, ಆದರೆ ಒಂದು ವಾರ ತಂಗಿಯ ಜೊತೆ ಮಾತು ಬಿಟ್ಟಿದ್ದಳು.

ಅಕ್ಕನ ಎದೆ ಕೆಟ್ಟಿದ್ದು ಅದಾದ ಎರಡು ವರ್ಷಕ್ಕೆ. ಒಗೆಯುವ ಕೋಣೆಯ ಹಬೆ, ಒಣಗಿದ ಹಾಸಿಗೆ ಬಟ್ಟೆ ಕೊಡವಿದಾಗ ಹಾರುವ ನೂಲಿನ ದೂಳು, ಬ್ಲೀಚಿನ ಘಾಟು, ಇವೆಲ್ಲ ಸೇರಿ ಅವಳಿಗೆ ದಮ್ಮು ಹಿಡಿಯಿತು. ಉಸಿರಾಡಿದರೆ ಸೀಟಿ ಕೇಳುತ್ತಿತ್ತು. ಜೊತೆಯ ಹೆಂಗಸರು ‘ಕುಕ್ಕರಕ್ಕ’ ಎಂದು ಹೆಸರಿಟ್ಟರು. “ಕುಕ್ಕರಕ್ಕ, ಎಷ್ಟನೇ ಸೀಟಿ? ಇಳಿಸೋಣವಾ?” ಎಂದು ಬೆನ್ನ ಹಿಂದೆ ನಗುತ್ತಿದ್ದರು. ಮೇಸ್ತ್ರಿಣಿ ಮಾತ್ರ ನಗಲಿಲ್ಲ. “ರೋಗಿಗಳು ಮಲಗೋ ಬಟ್ಟೆ ಮೇಲೆ ಕೆಮ್ತಾ ಕೂತ್ರೆ ನಡೆಯಲ್ಲ. ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ” ಎಂದುಬಿಟ್ಟಳು. ಡಾಕ್ಟರು ಬಾಯಿಗೆ ಇಟ್ಟು ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟು, ಇದಿಲ್ಲದೆ ಹೊರಗೆ ಕಾಲಿಡಬೇಡಿ ಎಂದರು. ಆ ಪಂಪ್ ಇದ್ದರೆ ಕೆಲಸ, ಕೆಲಸವಿದ್ದರೆ ಸೂರು.

ಆದರೆ ಪಂಪ್ ಬಳಸುವವಳು ಒಬ್ಬಳೇ. ಅಂದರೆ ಶೋಕಿ.

ಈ ದಿನಕ್ಕಾಗಿ ತಂಗಿ ಎಷ್ಟು ಕಾಲದಿಂದ ಕಾದಿದ್ದಳೋ! “ಅಕ್ಕನ ಪೌಡರ್ ಬಂತು” ಎಂದು ನಕ್ಕಳು. ಅಕ್ಕ ಅದನ್ನು ಎಳೆದುಕೊಂಡಾಗಲೆಲ್ಲ “ಚೆನ್ನಾಗಿ ಕಾಣ್ತೀಯ” ಎನ್ನುತ್ತಿದ್ದಳು. ಎರಡನೇ ಪಂಪ್ ತರುವ ಹೊತ್ತಿಗೆ ಅಕ್ಕನ ಕೈ ಖಾಲಿಯಾಯಿತು. ಮಧ್ಯಾಹ್ನದ ಬುತ್ತಿ ಬಿಟ್ಟಳು, ಬಸ್ಸು ಬಿಟ್ಟು ನಡೆದಳು, ನಡೆದದ್ದಕ್ಕೆ ಇನ್ನಷ್ಟು ದಮ್ಮು ಬಂತು. ಇದನ್ನು ನೋಡಿ ತಂಗಿ ಒಂದು ದಿನ ಡಬ್ಬ ಮುಂದಿಟ್ಟು, “ತಗೋ. ಆದ್ರೆ ಒಂದು ಮಾತು ಹೇಳು. ಆವತ್ತು ನಿನ್ನ ಪೌಡರ್ ಶೋಕಿ ಅಂದಿದ್ದು ನನ್ನ ತಪ್ಪು ಅನ್ನು” ಎಂದಳು.

“ನನ್ನ ಉಸಿರು ನಾನು ಕೊಂಡ್ಕೋತೀನಿ. ನಿನ್ನ ಭಿಕ್ಷೆ ಬೇಡ.”

“ಉಸಿರು ಕಟ್ಟಿ ಸಾಯಿ ಹಾಗಾದ್ರೆ.”

“ಸತ್ರೆ ಡಬ್ಬ ಪೂರ್ತಿ ನಿನ್ನದೇ ಅಲ್ವಾ!”

ಮನುಷ್ಯರಿಗೆ ಹಟ ಎಂಬುದೊಂದಿದೆಯಲ್ಲ, ಅದಕ್ಕೆ ಬಡತನ ಅಡ್ಡಿಬರುವುದಿಲ್ಲ. ಹೊಟ್ಟೆಗೆ ಹಾಕುವುದನ್ನಾದರೂ ಅಳೆದು ಹಾಕುತ್ತಾರೆ, ಹಟವನ್ನು ಯಾರೂ ಅಳೆಯುವುದಿಲ್ಲ. ಅಕ್ಕ ಪಂಪನ್ನು ಎರಡು ಸಲದ ಬದಲು ಒಂದೇ ಸಲ ಎಳೆದುಕೊಳ್ಳತೊಡಗಿದಳು. ಎಳೆದ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೆಷ್ಟಿದೆ ಎಂದು ಅಂದಾಜು ಮಾಡಿ ದಿಂಬಿನ ಕೆಳಗೆ ಇಡುತ್ತಿದ್ದಳು.

ಹೀಗೆ ಜೋಪಾನ ಮಾಡಿದರೂ ಪಂಪ್ ಹಗುರಾಗುತ್ತಾ ಬಂತು. ತಾನು ಕಡಿಮೆ ಬಳಸಿದಷ್ಟೂ ಅದು ಬೇಗ ಮುಗಿಯುತ್ತಿದೆ! ಅಕ್ಕನಿಗೆ ಅನುಮಾನ ಹೊಕ್ಕಿತು. ತಂಗಿಯ ವರ್ತನೆಯೂ ಸರಿಯಿರಲಿಲ್ಲ. ಬೆಳಿಗ್ಗೆ ಚಹಾ ಸೋಸುವಾಗ ಅವಳ ಕೈ ನಡುಗಿ ಅರ್ಧ ನೆಲದ ಪಾಲಾಗುತ್ತಿತ್ತು. ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಕಳ್ಳಿಗೆ ಕೈ ನಡುಗುವುದು ಸಹಜವೇ ಎಂದುಕೊಂಡಳು ಅಕ್ಕ. ನನ್ನ ಔಷಧಿಯನ್ನು ಗಾಳಿಗೆ ಹೊಡೆದು ಖಾಲಿ ಮಾಡುತ್ತಿದ್ದಾಳೆ, ನಾನು ಸೋತು ಅವಳ ಕಾಲಿಗೆ ಬೀಳಲಿ ಎಂದು. ಹಾಗೆ ಯೋಚಿಸುತ್ತಾ ಯೋಚಿಸುತ್ತಾ ಒಡಹುಟ್ಟಿದವಳ ಮೇಲೆ ಅವಳಿಗೆ ಹುಟ್ಟಿದ ದ್ವೇಷ ಎಂಥದ್ದೆಂದರೆ, ಹೊಗೆಯಂತೆ ಅದೂ ಎದೆಯಲ್ಲೇ ಕೂತು ಉಸಿರಿಗೆ ಅಡ್ಡವಾಗುತ್ತಿತ್ತು.

ಒಂದು ರಜೆಯ ಬೆಳಿಗ್ಗೆ ಅಕ್ಕ ಸ್ನಾನಕ್ಕೆಂದು ಬಚ್ಚಲಿಗೆ ಹೋದವಳು ನಲ್ಲಿ ತಿರುಗಿಸಿ, ನೀರು ಬೀಳಲು ಬಿಟ್ಟು, ಸದ್ದಿಲ್ಲದೆ ಹೊರಗೆ ಬಂದಳು. ನೀರು ದಂಡವಾಗುತ್ತಿದೆ ಎಂಬ ಸಂಕಟ ಒಂದು ಕಡೆ ಇದ್ದೇ ಇತ್ತು. ತಂಗಿ ಕಿಟಕಿಯ ಹತ್ತಿರ ನಿಂತಿದ್ದಳು. ಪಂಪ್ ಅವಳ ಬಾಯಲ್ಲಿತ್ತು. ಕಣ್ಣು ಮುಚ್ಚಿ, ಕಷಾಯ ಕುಡಿಯುವ ಮಗುವಿನ ಹಾಗೆ ಮುಖ ಕಿವುಚಿ, ಒತ್ತಿ ಎಳೆದುಕೊಂಡಳು. ಕೆಮ್ಮಿದಳು.

“ಥೂ ನಿನ್ನ!” ಎಂದು ಅಕ್ಕ ಅವಳ ಜಡೆ ಹಿಡಿದು ಎಳೆದಳು. “ನನ್ನ ಉಸಿರೂ ಕದೀತೀಯೇನೇ ಕಳ್ಳಿ? ಗಂಡ ಬಿಟ್ಟುಹೋದದ್ದು ಸುಮ್ನೆ ಅಲ್ಲ!”

ತಂಗಿ ಜಡೆ ಬಿಡಿಸಿಕೊಂಡಳು. “ಹೌದು, ಎಳ್ಕೊಂಡೆ. ದಿನಾ ಎಳ್ಕೋತೀನಿ, ಒಂದು ತಿಂಗಳಾಯ್ತು. ಕೈ ನಡುಗತ್ತೆ, ಎದೆ ಡಬಡಬ ಹೊಡ್ಕೊಳ್ಳತ್ತೆ, ಆದ್ರೂ ಎಳ್ಕೋತೀನಿ. ಈಗ ಹೇಳು, ಇದನ್ನ ಎಷ್ಟು ಜನ ಬಳಸ್ತಾರೆ?”

ಅಕ್ಕನಿಗೆ ಅರ್ಥವಾಗಲಿಲ್ಲ.

“ಇಬ್ಬರೂ ಬಳಸಿದ್ದು ಡಬ್ಬದ್ದು. ನಿನ್ನದೇ ಕಾನೂನು. ಕೊಟ್ರೆ ಈಸ್ಕೊಳ್ಳಲ್ಲ, ಕೇಳು ಅಂದ್ರೆ ಕೇಳಲ್ಲ. ಮತ್ತೇನು ಮಾಡ್ಲಿ? ನೀನು ಸತ್ರೆ ಬಾಡಿಗೆ ನಿಮ್ಮಪ್ಪ ಬಂದು ಕೊಡ್ತಾನಾ?”

“ನಿಮ್ಮಪ್ಪಾನೂ ಅವನೇ ಕಣೇ...” ಎಂದು ಶುರುಮಾಡಿದ ಅಕ್ಕನ ಮಾತು ಅಲ್ಲೇ ನಿಂತಿತು. ಕೂಗಾಡಿದ್ದಕ್ಕೋ, ತಂಗಿ ಹೇಳಿದ್ದು ಈಗ ಎದೆಗೆ ನಾಟಿದ್ದಕ್ಕೋ, ಉಸಿರು ಹಿಡಿದುಕೊಂಡಿತು. ಸೀಟಿಯೂ ಬರಲಿಲ್ಲ. ತಂಗಿಯ ಕೈಯಿಂದ ಪಂಪ್ ಕಿತ್ತು ಬಾಯಿಗಿಟ್ಟು ಒತ್ತಿದಳು. ಬರೀ ಗಾಳಿ. ಇನ್ನೊಮ್ಮೆ ಒತ್ತಿದಳು. ಕೊನೆಯದನ್ನು ತಂಗಿ ಆಗಲೇ ಎಳೆದುಕೊಂಡಾಗಿತ್ತು.

ತಂಗಿಯ ಮುಖ ಬಿಳಿಚಿಕೊಂಡಿತು. ಇಷ್ಟು ದಿನದ ಅವಳ ಲೆಕ್ಕದಲ್ಲಿ ಇದೊಂದು ಇರಲಿಲ್ಲ. ಮುಗಿದ ಕೂಡಲೇ ಡಬ್ಬ ತೆಗೆದು ಅಕ್ಕನ ಮುಂದೆ ಕುಕ್ಕಬೇಕು, ಗೆಲ್ಲಬೇಕು ಎಂದಷ್ಟೇ ಅವಳು ಯೋಚಿಸಿದ್ದು. ಈಗ ಡಬ್ಬವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಅಕ್ಕ ನೆಲದಲ್ಲಿ ಕೂತು ಮಂಚದ ಕಾಲು ಹಿಡಿದುಕೊಂಡಳು. ಬಚ್ಚಲಲ್ಲಿ ನೀರು ಬೀಳುತ್ತಲೇ ಇತ್ತು. ಅದನ್ನು ನಿಲ್ಲಿಸಲು ಏಳಬೇಕೆಂದುಕೊಂಡಳು, ಏಳಲಾಗಲಿಲ್ಲ. ಅವಳು ಬರುವುದಿಲ್ಲ ಎಂದು ಒಮ್ಮೆ ಅನ್ನಿಸಿತು. ನಾನಾಗಿದ್ದರೆ ಬರುತ್ತಿದ್ದೆನಾ ಎಂದು ಕೇಳಿಕೊಂಡಳು. ಉತ್ತರ ಅವಳಿಗೇ ಹೆದರಿಕೆ ಹುಟ್ಟಿಸಿತು.

ತಂಗಿ ಬಂದಳು. ಹೊಸ ಪಂಪಿನ ರಟ್ಟನ್ನು ಹಲ್ಲಲ್ಲಿ ಹರಿದು ಅಕ್ಕನ ಬಾಯಿಗಿಟ್ಟಳು. ಒಂದು, ಇನ್ನೊಂದು. ಸ್ವಲ್ಪ ಹೊತ್ತಿಗೆ ಸೀಟಿ ಮರಳಿತು, ಆ ಮೇಲೆ ಬಣ್ಣ ಮರಳಿತು. ಮಾತು ಮರಳಿದ ಕೂಡಲೇ ಅಕ್ಕ ಕೇಳಿದ್ದು, “ಡಬ್ಬದ ಮುಚ್ಚಳ ಎಲ್ಲೇ?”

“ದಾರೀಲಿ ಬಿದ್ದಿರಬೇಕು. ನೀನು ಸಾಯ್ತಿದ್ದೆ. ಮುಚ್ಚಳ ನೋಡ್ಕೊಂಡು ಕೂರ್ಲಾ?”

“ಡಬ್ಬದ ದುಡ್ಡಲ್ಲಿ ತಂದ್ಯಾ?”

“ಹೂಂ.”

ಅಕ್ಕ ಪಂಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ; ಆ ಬಾಯಿಗೆ ಅದು ಅಭ್ಯಾಸವೂ ಇರಲಿಲ್ಲ. ಕೊನೆಗೆ ಪಂಪನ್ನು ತಂಗಿಯ ಕಡೆ ಚಾಚಿದಳು.

ತಂಗಿ ನಿಟ್ಟುಸಿರುಬಿಟ್ಟು ಬಾಯಿ ತೆರೆದಳು.

“ಎಳ್ಕೋಬೇಡ ಕಣೇ ದಡ್ಡಿ” ಎಂದಳು ಅಕ್ಕ. “ಸುಮ್ನೆ ಮುಟ್ಟು. ಮುಟ್ಟಿದ್ರೆ ಸಾಕು.”

ತಂಗಿ ಒಂದು ಬೆರಳಿನಿಂದ ಮುಟ್ಟಿದಳು.

“ಆಯ್ತಾ?”

“ಆಯ್ತು. ಈಗ ಹೋಗಿ ನಲ್ಲಿ ನಿಲ್ಸು.”